ಎರಡು ಚೌಕ, ಹತ್ತು ಸೆಕೆಂಡು

ನಮಗೆ ಹನ್ನೆರಡು ದಿನಗಳಿದ್ದವು. ಡಾಕ್ಟರಬಾಯಿ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ಒಂದು ತಾರೀಖಿನ ಮೇಲೆ ಬೆರಳಿಟ್ಟು, ಅಂದು ಐದು ಜನ ವೈದ್ಯರು ಕೂತು ನನ್ನ ಮಗಳ ತಲೆಗೆ ಆಪರೇಷನ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ ಎಂದರು. ಎರಡು ಬೇರೆ ಬೇರೆ ಗುಳಿಗೆಗಳನ್ನು ಪೂರ್ತಿ ಪ್ರಮಾಣದಲ್ಲಿ ಕೊಟ್ಟೂ ಫಿಟ್ಸ್ ನಿಲ್ಲಲಿಲ್ಲ ಎನ್ನುವುದಕ್ಕೆ ಆಧಾರ ಬೇಕು. ಅದಿಲ್ಲದಿದ್ದರೆ ಗುಳಿಗೆಯನ್ನೇ ಮತ್ತೆ ಮೊದಲಿಂದ ಕೊಟ್ಟು ನೋಡಬೇಕು. ಅದಕ್ಕೆ ಒಂದು ವರ್ಷ, ಇಲ್ಲವೇ ಎರಡು.

“ಏಳು ವರ್ಷದ್ದು ಬರೆದಿಟ್ಟಿದ್ದೀರಿ ಅಂತ ಹೇಳಿದಿರಲ್ಲ, ಅದನ್ನು ತನ್ನಿ” ಎಂದು ಮರಾಠಿಯಲ್ಲಿ ಹೇಳಿದರು. “ಯಾವ ಗುಳಿಗೆ, ಯಾವ ತಾರೀಖಿನಿಂದ, ಆಗ ಎಷ್ಟು ಫಿಟ್ಸ್. ಇಷ್ಟು ಸಾಕು.”

“ಗುಳಿಗೆ ಎಂದೂ ತಪ್ಪಿಸಿಲ್ಲ ತಾನೇ?” ಎಂದೂ ಕೇಳಿದರು. ಇಲ್ಲ ಎಂದೆ. ನಾನು ಸುಳ್ಳು ಹೇಳುವವಳಲ್ಲ.

ಬರೆದಿಟ್ಟಿದ್ದು ನಿಜ. ಮಗಳಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂದಾಗಿನಿಂದ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ ಬಂದು ಹಾಲಿನ ಮೂಲೆಯ ಹಳೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಮೇಲೆ ‘ಶ್ರೀ’, ಕೆಳಗೆ ಮಾಸ, ತಿಥಿ, ವಾರ. ಆಮೇಲೆ ಚೀಟಿಯಲ್ಲಿದ್ದ ಗುಳಿಗೆ, ಅದರ ಪ್ರಮಾಣ, ಫಿಟ್ಸ್ ಬಂದಿದ್ದರೆ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ. ತಿಂಗಳಿಗೊಂದು ಫೈಲು. ಅಧಿಕ ಮಾಸಗಳೂ ಸೇರಿ ಏಳು ವರ್ಷಕ್ಕೆ ಎಂಬತ್ತಾರು ಫೈಲುಗಳು. ಇಸವಿಯನ್ನು ಫೈಲಿನ ಹೆಸರಿನಲ್ಲಿ ಮಾತ್ರ ಹಾಕುತ್ತಿದ್ದೆ. ಟೈಪ್ ಮಾಡಿ ಮುಗಿದ ಮೇಲೆ ಡಾಕ್ಟರರ ಚೀಟಿಗಳನ್ನು ರದ್ದಿಗೆ ಹಾಕುತ್ತಿದ್ದೆ. ಎರಡು ಕೋಣೆಯ ಮನೆ, ಕಾಗದ ಎಲ್ಲಿ ಇಡುವುದು. ಮೊದಲು ನೋಡುತ್ತಿದ್ದ ಡಾಕ್ಟರು ತೀರಿಕೊಂಡು ಅವರ ದವಾಖಾನೆ ಮುಚ್ಚಿ ಮೂರು ವರ್ಷ. ಅಂದರೆ ಆ ಕಂಪ್ಯೂಟರಿನಲ್ಲಿದ್ದದ್ದೇ ಇದ್ದದ್ದು.

ಆ ಯಂತ್ರ ಯಜಮಾನರ ಶಾಲೆಯದು. ಅವರು ಭೋರಿನಲ್ಲಿ ಶಾಲೆಯೊಂದರ ಗುಮಾಸ್ತರು. ಬೆಳಿಗ್ಗೆ ಪುಣೆಯ ಸ್ವಾರಗೇಟಿನಲ್ಲಿ ಬಸ್ಸು ಹಿಡಿದರೆ ಸಂಜೆಗೆ ವಾಪಸು. ಶಾಲೆಗೆ ಹೊಸವು ಬಂದಾಗ ಹಳೆಯದೊಂದನ್ನು ಇವರಿಗೆ ಕೊಟ್ಟರು. ನಾನು ಕಲಿತ ಕನ್ನಡ ಟೈಪಿಂಗಿನ ಹಳೇ ಸಾಫ್ಟ್‌ವೇರು ಅದರಲ್ಲಿ ಮಾತ್ರ ಓಡುತ್ತಿತ್ತು. ಅದಕ್ಕೇ ಬದಲಾಯಿಸಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ, ಬುಧವಾರ ಮಧ್ಯಾಹ್ನ, ಎಲ್ಲವನ್ನೂ ಒಂದೆಡೆ ಮಾಡೋಣವೆಂದು ಫೋಲ್ಡರು ತೆರೆದೆ. ಒಳಗಿನಿಂದ ಟಕ್ ಟಕ್ ಎಂದು ಸದ್ದು. ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದ ಹಾಗೆ. ತುಂಬ ಹೊತ್ತಿನ ಮೇಲೆ ಫೈಲುಗಳ ಸಾಲು ಕಾಣಿಸಿತು. ಒಂದು ತೆರೆಯಿತು, ಇನ್ನೊಂದು ಓದಲಾಗುವುದಿಲ್ಲ ಎಂದಿತು. ಮತ್ತೆ ಒತ್ತಿದರೆ ಅದೇ ತೆರೆಯಿತು.

ಡಿಸ್ಕನ್ನು ತಪಾಸಣೆ ಮಾಡುವ ಜಾಗ ನನಗೆ ಗೊತ್ತಿತ್ತು. ಡಿಸ್ಕಿನ ಚಿತ್ರದ ಮೇಲೆ ಬಲಗಡೆಯ ಬಟನ್ನು ಒತ್ತಿ, ಕೆಳಗಿನ ಕೊನೆಯ ಸಾಲು, ಅಲ್ಲಿ ‘ಟೂಲ್ಸ್’, ಅದರೊಳಗೆ ‘ಚೆಕ್’. ಸಣ್ಣದೊಂದು ಕಿಟಕಿ ಬರುತ್ತದೆ. ಅದರಲ್ಲಿ ಎರಡು ಖಾಲಿ ಚೌಕಗಳು. ಮೊದಲನೆಯದು, ತಪ್ಪುಗಳು ಸಿಕ್ಕರೆ ತಾನಾಗಿ ಸರಿಪಡಿಸಲಿ ಎನ್ನುವುದಕ್ಕೆ. ಎರಡನೆಯದು, ಡಿಸ್ಕಿನಲ್ಲಿ ಕೆಟ್ಟುಹೋದ ಜಾಗಗಳನ್ನು ಹುಡುಕಿ ಅಲ್ಲಿದ್ದದ್ದನ್ನು ಉಳಿಸಲು ನೋಡಲಿ ಎನ್ನುವುದಕ್ಕೆ. ಇಂಗ್ಲಿಷನ್ನು ಮಗಳು ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದಳು.

ಮೊದಲು ಎರಡನ್ನೂ ಖಾಲಿ ಬಿಟ್ಟೆ. ಹಾಗೆ ಬಿಟ್ಟರೆ ಅದು ನೋಡುತ್ತದೆ, ಮುಟ್ಟುವುದಿಲ್ಲ. ತಪ್ಪುಗಳಿವೆ, ಈ ಬಗೆಯಲ್ಲಿ ಸರಿಪಡಿಸಲಾರೆ ಎಂದು ಹೇಳಿ ನಿಂತಿತು. ಅಷ್ಟಕ್ಕೇ ನಾನೂ ನಿಲ್ಲಬೇಕಿತ್ತು. ಎರಡೂ ಚೌಕಕ್ಕೆ ಗುರುತು ಹಾಕಿದೆ. ಸರಿಪಡಿಸುವುದು ಒಳ್ಳೆಯದು, ಉಳಿಸುವುದು ಇನ್ನೂ ಒಳ್ಳೆಯದು ಎಂದುಕೊಂಡೆ. ಈಗ ಡಿಸ್ಕು ಬಳಕೆಯಲ್ಲಿದೆ, ಮುಂದಿನ ಸಲ ಯಂತ್ರ ಏಳುವಾಗ ಮಾಡಲೇ ಎಂದು ಕೇಳಿತು. ಹೂಂ ಎಂದು ಒತ್ತಿ ಯಂತ್ರ ಆರಿಸಿದೆ. ಮರುದಿನ ಮಾವನವರ ಶ್ರಾದ್ಧ. ಉದ್ದು ನೆನೆಹಾಕುವುದಿತ್ತು.

ಸಂಜೆ ನೀರಿನ ಕೊಡ ಹಿಡಿದು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಕಾಕಾ ಸಿಕ್ಕರು. ಬೆಳಗಾವಿಯವರು. ಖಡಕಿಯ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಆಸ್ಪತ್ರೆಯಲ್ಲಿ ಏನೆಂದರು ಎಂದು ಕೇಳಿದರು. ಹೇಳಿದೆ. ಮಾತಿಗೆ ಮಾತು ಬಂದು ಡಿಸ್ಕಿನ ವಿಷಯವೂ ಬಂತು.

“ಎರಡೂ ಟಿಕ್ ಮಾಡಿದ್ಯೇನವಾ?”

“ಹೌದ್ರಿ ಕಾಕಾ. ಎರಡೂ ಛಲೋನ ಅಲ್ಲೇನ್ರಿ?”

“ಛಲೋ ಅವ, ಆದ್ರ ಗಟ್ಟಿಮುಟ್ಟಾದ ಡಿಸ್ಕಿಗೆ. ನಿಂದು ಸಾಯಾಕ ಹತ್ತೇದ, ಟಕ್ ಟಕ್ ಅನ್ನೋದು ಅದರ ಉಬ್ಬಸ. ಇಂಥಾದ್ರ ಮ್ಯಾಲ ಆ ಎರಡನೇದ್ದು ಓಡಿಸಿದ್ರ ಮೂಲಿಮೂಲಿ ಕೆದರತದ. ಯಾವ ಜಾಗಾ ಓದಾಕ ಬರಂಗಿಲ್ಲೋ ಅದನ್ನ ಕಡದು ಒಗದು, ರಿಪೇರಿ ಆತು ಅಂತದ. ಅದು ಡಿಸ್ಕ್ ಉಳಸ್ತದ ತಂಗೀ, ನಿನ್ನ ಬರದದ್ದನ್ನ ಉಳಸಂಗಿಲ್ಲ. ಮೊದಲ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡ್ಬೇಕು, ಆಮ್ಯಾಲ ಬೇಕಾದ್ದು ರಿಪೇರಿ.”

“ಈಗ ಏನ್ ಮಾಡ್ಲಿ?”

“ಶುರು ಮಾಡಬ್ಯಾಡ. ನಾಳೆ ಸಂಜೀಕ ನನ್ನ ಲ್ಯಾಪ್‌ಟಾಪ್ ತೊಗೊಂಡು ಬರ್ತೀನಿ. ಚಾಲೂ ಆದ ಮ್ಯಾಲ ಹತ್ತು ಸೆಕೆಂಡ್ ಎಣಸ್ತದ. ಅಷ್ಟರಾಗ ಯಾವುದರ ಒಂದು ಬಟನ್ ಒತ್ತಿದ್ರ ತಪಾಸಣಿ ಬಿಟ್ಟು ಮುಂದ ಹೋಗ್ತದ. ಯಾವುದರ ಒಂದು, ತಿಳೀತಿಲ್ಲ? ನಿನ್ನ ಲಟ್ಟಣಗಿಲೇ ಒತ್ತಿದ್ರೂ ನಡೀತದ.”

ನಾವಿಬ್ಬರೂ ನಕ್ಕೆವು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ನಮ್ಮ ಓಣಿಯಲ್ಲಿ ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುವುದು ರೂಢಿ. ವಾಪಸು ಬಂದ ಕೂಡಲೇ ಆ ಕಂಪ್ಯೂಟರು ತಾನಾಗಿ ಏಳುತ್ತದೆ. ಶಾಲೆಯಲ್ಲಿ ಹಾಗೆ ಹೊಂದಿಸಿಟ್ಟಿದ್ದರು. ಎಷ್ಟೋ ಗುರುವಾರ ಎದ್ದದ್ದನ್ನು ಆರಿಸಿದವಳು ನಾನೇ. ಆದರೂ ಗೋಡೆಯ ಪ್ಲಗ್ಗು ಕಿತ್ತಿಡಬೇಕೆಂಬುದು ಹೊಳೆಯಲಿಲ್ಲ. ತಲೆಯ ತುಂಬ ಶ್ರಾದ್ಧದ ಅಡಿಗೆಯೇ ಇತ್ತು.

ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮಡಿಯುಟ್ಟು ಒಲೆಯ ಮುಂದೆ ನಿಂತಿದ್ದೆ. ಮಡಿಯಲ್ಲಿದ್ದಾಗ ಮೈಲಿಗೆಯದನ್ನು ಏನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಒಗೆದ ಸೀರೆ, ಆಗಿದ್ದ ಅಡಿಗೆಯೆಲ್ಲ ಮೊದಲಿಂದ. ಆಚಾರ್ಯರು ಬಂದು ಒಳಕೋಣೆಯಲ್ಲಿ ಕೂತಿದ್ದರು. ಯಜಮಾನರೂ ಮಡಿಯಲ್ಲಿ ಅವರೆದುರಿಗೆ. ಮಗಳು ಗುಳಿಗೆಯ ಮಂಪರಿನಲ್ಲಿ ಹಾಲಿನ ಮಂಚದ ಮೇಲೆ ಮಲಗಿದ್ದಳು. ಹತ್ತೂವರೆಗೆ ಕರೆಂಟು ಬಂತು. ಹಾಲಿನಲ್ಲಿ ಯಂತ್ರ ಬೀಪ್ ಎಂದಿತು.

ಅಡಿಗೆಮನೆಯ ಬಾಗಿಲಿನಿಂದ ಪರದೆ ನೇರ ಕಾಣುತ್ತದೆ. ನೀಲಿ ಪರದೆ, ಬಿಳಿಯ ಅಕ್ಷರ, ಕೊನೆಯ ಸಾಲಿನಲ್ಲಿ ಹತ್ತು. ಅದು ಒಂಬತ್ತಾಯಿತು. ಕೈಯಲ್ಲಿ ವಡೆಯ ಹಿಟ್ಟು. ನಾನು ನಿಂತಲ್ಲಿಂದ ಕೀಬೋರ್ಡಿಗೆ ಆರು ಹೆಜ್ಜೆ.

ಮಗಳನ್ನು ಕೂಗಿದೆ. “ಆಂ?” ಎಂದಳು. “ಬಟನ್ ಒತ್ತು, ಯಾವುದರ ಒಂದು ಒತ್ತು” ಎಂದೆ. ಅವಳು ಏಳಲು ನೋಡಿದಳು. ಕಾಲು ಚಾದರದಲ್ಲಿ ಸಿಕ್ಕಿಕೊಂಡಿತು. ಐದು. ನಾಲ್ಕು. ನಾನು ಹೊಸಿಲಿನ ತನಕ ಬಂದೆ. ಅಲ್ಲಿ ನಿಂತೆ. ಮಾವನವರ ಎಡೆ, ಆಚಾರ್ಯರ ಹಸಿವು, ಅರ್ಧ ಕರಿದ ವಡೆ ಇವೆಲ್ಲ ಕಣ್ಣ ಮುಂದೆ ಬಂದವು. ನಿಂತೇ ಇದ್ದೆ. ಎರಡು. ಒಂದು. ಪರದೆ ಬದಲಾಗಿ ತಪಾಸಣೆ ಶುರುವಾಯಿತು.

ಮಗಳು ಕೀಬೋರ್ಡಿನ ಮುಂದೆ ಹೋಗಿ ಒಂದು ಬಟನ್ನು ಒತ್ತಿದಳು. ಅದು ಕೇಳಲಿಲ್ಲ.

ಎಡೆ ಬಡಿಸಿ, ಆಚಾರ್ಯರದು ಮುಗಿದು, ನಾವೂ ಉಂಡು ನಾನು ಮಡಿ ಬಿಚ್ಚಿದಾಗ ಮೂರು ಗಂಟೆ. ಪರದೆಯ ಮೇಲೆ ಶೇಕಡಾ ಅರವತ್ತೊಂದು ಎಂಬ ಅಂಕಿ ಕೂತಿತ್ತು. ಪ್ಲಗ್ಗು ಕಿತ್ತುಬಿಡಲೇ ಎಂದು ಕಾಕಾ ಅವರನ್ನು ಕರೆದು ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು.

“ಈಗ ಬ್ಯಾಡ. ಅರ್ಧಾ ಕೊಯ್ದು ಬಿಟ್ರ ಇನ್ನೂ ಕೆಟ್ಟ. ಮುಗೀಲಿ.”

“ನಿನ್ನೆ ಹೇಳಿದ್ರಿ, ಲಟ್ಟಣಗಿಲೇ ಒತ್ತು ಅಂತ.”

“ಹೇಳಿದ್ದೆ” ಎಂದರು. ಅಷ್ಟೇ. ಬೈಯಲಿಲ್ಲ. ಅದೂ ಒಂದು ದಯೆ.

ಐದು ಗಂಟೆಗೆ ಮುಗಿಯಿತು. ಫೋಲ್ಡರು ತೆರೆದರೆ ಖಾಲಿ. ಹೆಸರಿತ್ತು, ಒಳಗೆ ಏನೂ ಇಲ್ಲ. ಫೈಲುಗಳ ಪಟ್ಟಿ ಕೂತಿದ್ದ ಜಾಗವೇ ಕೆಟ್ಟಿತ್ತು, ರಿಪೇರಿ ಅದನ್ನು ಕಡಿದು ಹಾಕಿತ್ತು ಎಂದು ಕಾಕಾ ಹೇಳಿದರು. ಹಿಂದಿನ ದಿನ ತಡವಾಗಿಯಾದರೂ ಕಾಣಿಸಿದ್ದ ಪಟ್ಟಿ ಅದು.

ಆದರೆ ಡಿಸ್ಕಿನಲ್ಲಿ ಹಿಂದೆಂದೂ ನೋಡಿರದ ಒಂದು ಹೊಸ ಫೋಲ್ಡರು ಬಂದಿತ್ತು. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಫೈಲುಗಳು, ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿ. ತಂದೆತಾಯಿ ಗೊತ್ತಿಲ್ಲದ ಚೂರುಗಳನ್ನೆಲ್ಲ ರಿಪೇರಿ ಹೀಗೆ ಒಂದೆಡೆ ಗುಡ್ಡೆ ಹಾಕುತ್ತದಂತೆ. ಕಾಕಾ ಮೊದಲು ಅವನ್ನೆಲ್ಲ ತಮ್ಮ ಲ್ಯಾಪ್‌ಟಾಪಿಗೆ ಕಾಪಿ ಮಾಡಿದರು. ಅದಕ್ಕೇ ಎರಡು ತಾಸು. ಆಮೇಲೆ ಒಂದೊಂದನ್ನೇ ತೆರೆದರು. ಶಾಲೆಯ ಹಳೇ ಕಾಗದಪತ್ರ, ಚಿತ್ರಗಳ ಚೂರು, ಮತ್ತೆ ಕೆಲವು ಫೈಲುಗಳಲ್ಲಿ ಯಾವ ಭಾಷೆಯೂ ಅಲ್ಲದ ಚಿಹ್ನೆಗಳು.

“ಇದು ಬರೇ ಕಚರಾ. ತೆಗೀಲಿ?” ಎಂದು ಅಳಿಸಲು ಬೆರಳಿಟ್ಟರು.

“ತಡೀರಿ ಕಾಕಾ” ಎಂದೆ.

ಆ ಕಸದ ಮೊದಲ ಮೂರು ಗುರುತುಗಳನ್ನು ನಾನು ನೋಡಿದ್ದೆ. ಮೇಲಕ್ಕೆ ಏರಿಸಿದ ಪುಟ್ಟ ಎರಡು, ಅದರ ಪಕ್ಕ ಒಂದಕ್ಕೊಂದು ಅಂಟಿದ ಇಂಗ್ಲಿಷಿನ ಎ ಮತ್ತು ಇ, ಕೊನೆಗೆ ತಲೆಯ ಮೇಲೆ ಅಲೆ ಹೊತ್ತ ದೊಡ್ಡ ಎ. ಹಳೇ ಸಾಫ್ಟ್‌ವೇರಿನಲ್ಲಿ ಅಕ್ಷರದ ಬಗೆ, ಅಂದರೆ ಫಾಂಟು, ಆರಿಸುವುದನ್ನು ಮರೆತು ಟೈಪ್ ಮಾಡಿದಾಗಲೆಲ್ಲ ಪರದೆಯ ಮೇಲೆ ಬರುತ್ತಿದ್ದದ್ದು ಇದೇ. ಬಗೆ ಆರಿಸಿದ ಕೂಡಲೇ ಅದು ‘ಶ್ರೀ’ ಆಗುತ್ತಿತ್ತು.

“ಇದು ಕಚರಾ ಅಲ್ರಿ. ಶ್ರೀಕಾರ ಅದ. ನಂದು.”

ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹಂಗಾರ ಈ ಮೂರು ಗುರುತಿನಿಂದ ಶುರು ಆಗೋ ಫೈಲ್ ಎಲ್ಲಾ ಹುಡಕೋಣು. ನೀ ಎಲ್ಲಾದ್ರಾಗೂ ಬರದೀಯಲ್ಲಾ?”

“ಶ್ರೀ ಇಲ್ದ ನಾ ಕಿರಾಣಿ ಯಾದಿನೂ ಬರಿಯಂಗಿಲ್ಲ.”

ಎಪ್ಪತ್ತೊಂದು ಸಿಕ್ಕವು. ಹದಿನೈದು ತಿಂಗಳು ಸಿಗಲಿಲ್ಲ. ಸಿಕ್ಕವುಗಳಲ್ಲೂ ಕೆಲವು ಪಂಚಮಿಯವರೆಗೆ ಇದ್ದು ಮುಂದೆ ಬರೀ ಬಿಳಿ. ಎರಡು ದಿನದ ಮೇಲೆ ಆ ಡಿಸ್ಕು ತಿರುಗುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಫೈಲುಗಳೂ ಅವನ್ನು ಓದಲು ಬೇಕಾದ ಫಾಂಟೂ ಕಾಕಾ ಅವರ ಲ್ಯಾಪ್‌ಟಾಪಿಗೆ ಕಾಪಿ ಆಗಿದ್ದವು. ಅದೊಂದನ್ನು ದೇವರ ಮುಂದೆ ನಿಂತು ಹೇಳಿಕೊಂಡೆ.

ಇನ್ನು ಅವುಗಳನ್ನು ಸಾಲಾಗಿ ಜೋಡಿಸಬೇಕಿತ್ತು. ಇಸವಿ ಇದ್ದದ್ದು ಫೈಲಿನ ಹೆಸರಿನಲ್ಲಿ, ಹೆಸರು ಹೋಗಿತ್ತು. ಒಳಗೆ ಇದ್ದದ್ದು ‘ಶ್ರಾವಣ ಶುದ್ಧ ಚೌತಿ, ಬುಧವಾರ’ ಎಂಬಂಥದು. ನಮ್ಮ ಮನೆಯಲ್ಲಿ ಹಳೇ ಪಂಚಾಂಗವನ್ನು ಯಾರೂ ಎಸೆಯುವುದಿಲ್ಲ. ದೇವರ ಗೂಡಿನ ಕೆಳಗೆ ಪೇರಿಸಿಟ್ಟಿರುತ್ತೇವೆ. ಏಳು ವರ್ಷದವನ್ನು ಇಳಿಸಿ ಧೂಳು ಕೊಡವಿದೆ. ಯಾವ ವರ್ಷದ ಶ್ರಾವಣ ಶುದ್ಧ ಚೌತಿ ಬುಧವಾರ ಬಂದಿತ್ತೋ ಆ ವರ್ಷದ ಫೈಲು ಅದು. ಎರಡು ವರ್ಷ ಹೊಂದಿದರೆ ಗುಳಿಗೆಯ ಹೆಸರು ನೋಡಿ ತೀರ್ಮಾನಿಸುವುದು. ಆಮೇಲೆ ಅದೇ ಪಂಚಾಂಗದಿಂದ ಪ್ರತಿ ಫಿಟ್ಸಿಗೂ ತಾರೀಖು ತೆಗೆಯುವುದು.

ಆರು ದಿನ ಮಧ್ಯಾಹ್ನವೆಲ್ಲ ಇದೇ ಕೆಲಸ. ಕಾಕಾ ಅವರ ಲ್ಯಾಪ್‌ಟಾಪು ಮಗಳ ತೊಡೆಯ ಮೇಲೆ. ಅವಳು ತಿಥಿ, ವಾರ ಓದುವಳು. ನಾನು ಪಂಚಾಂಗದಲ್ಲಿ ಹುಡುಕಿ ದೊಡ್ಡ ಕಾಗದದ ಮೇಲೆ ತಾರೀಖು ಬರೆಯುವಳು. ತನ್ನ ಫಿಟ್ಸುಗಳನ್ನು ಅವಳು ದಿನಸಿ ಪಟ್ಟಿ ಓದಿದ ಹಾಗೆ ಓದುತ್ತಿದ್ದಳು.

“ಮಾಘ ವದ್ಯ ದ್ವಾದಶಿ, ಶನಿವಾರ, ಮುಂಜಾನೆ ಐದಕ್ಕ, ಮೂರು ನಿಮಿಷ. ಫಾಲ್ಗುಣ ಶುದ್ಧ ದ್ವಾದಶಿ, ಭಾನುವಾರ, ಮುಂಜಾನೆ ನಾಲ್ಕೂವರಿ, ನಾಲ್ಕು ನಿಮಿಷ. ಅಮ್ಮಾ, ನಾ ದ್ವಾದಶಿಗೆ ಭಾಳ ನಿಷ್ಠೀಯಾಕಿ ಇದ್ದೀನಿ ನೋಡು. ಒಂದೂ ಬಿಡಾಂಗಿಲ್ಲ.”

ನಗಿಸಲೆಂದು ಹೇಳಿದಳು. ನನ್ನ ಪೆನ್ಸಿಲು ನಿಂತಿತು.

ಕಾಗದವನ್ನು ಮೊದಲಿಂದ ನೋಡಿದೆ. ಎಪ್ಪತ್ತೊಂದು ತಿಂಗಳಲ್ಲಿ ನೂರಾ ಹದಿನೆಂಟು ಫಿಟ್ಸು. ಅದರಲ್ಲಿ ಅರವತ್ತನಾಲ್ಕು ಏಕಾದಶಿಯ ರಾತ್ರಿ ಅಥವಾ ದ್ವಾದಶಿಯ ಬೆಳಗಿನ ಜಾವ. ಏಳು ವರ್ಷ ದಿನಾ ಬರೆದವಳು ನಾನು. ಒಂದೊಂದು ದಿನವನ್ನು ಬರೆದೆ, ಸಾಲಾಗಿ ಎಂದೂ ಓದಲಿಲ್ಲ.

ಏಕಾದಶಿ ನಮ್ಮ ಮನೆಯಲ್ಲಿ ನಿರಾಹಾರ. ಮಗಳು ಹನ್ನೆರಡನೆಯ ವಯಸ್ಸಿನಲ್ಲಿ, ಈ ಬೇನೆ ಹೋಗಲಿ ಎಂದು ತಾನೇ ಹರಕೆ ಹೊತ್ತು ನನ್ನ ಜೊತೆ ಉಪವಾಸ ಹಿಡಿದಳು. ನನಗೆ ಹೆಮ್ಮೆಯಾಗಿತ್ತು. ಗುಳಿಗೆಯ ಚೀಟಿಯ ಮೇಲೆ ಪ್ರತಿ ಸಲವೂ ಬರೆದಿರುತ್ತಿತ್ತು, ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ. ಏಕಾದಶಿಗೆ ಊಟವಿಲ್ಲ. ಊಟವಿಲ್ಲದ ಮೇಲೆ ಊಟದ ನಂತರ ಎಂಬುದೂ ಇಲ್ಲ. ಎರಡು ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತಿದ್ದವು. ತಪ್ಪಿಸಿದೆವೆಂದು ನನಗೆ ಒಂದು ದಿನವೂ ಅನಿಸಲಿಲ್ಲ. ಡಾಕ್ಟರಬಾಯಿಗೆ ಇಲ್ಲ ಎಂದದ್ದು ಇದೇ ನಂಬಿಕೆಯ ಮೇಲೆ.

ಮಗಳು ನನ್ನ ಮುಖ ನೋಡಿ ಕಾಗದ ಎಳೆದುಕೊಂಡಳು. ಅವಳಿಗೂ ತಿಳಿಯಿತು.

“ಹರಕಿ ನಂದು ಅಮ್ಮಾ, ನಿಂದಲ್ಲ” ಎಂದಳು.

“ಗುಳಗಿ ಕೊಡೋಕಿ ನಾ ಇದ್ದೆ” ಎಂದೆ.

ಸಂಜೆ ಯಜಮಾನರು ಭೋರಿನಿಂದ ಬಂದು ಕೈಕಾಲು ತೊಳೆದ ಮೇಲೆ ಕಾಗದ ತೋರಿಸಿದೆ. ತಾರೀಖು ಒಂದು ಸಾಲು, ಗುಳಿಗೆ ಒಂದು ಸಾಲು. ಮೂರನೆಯ ಸಾಲು ಎಳೆಯಬೇಕೆಂದಿದ್ದೇನೆ, ಏಕಾದಶಿಗೆ ಗುಳಿಗೆ ಇಲ್ಲ ಎಂದು ಅದರಲ್ಲಿ ಬರೆಯುತ್ತೇನೆ ಎಂದೆ. ಅವರು ಕಾಗದವನ್ನು ನನ್ನ ಕಡೆಗೆ ಸರಿಸಿದರು.

“ಅವರು ತಾರೀಖ್ ಕೇಳ್ಯಾರ, ತಿಥಿ ಕೇಳಿಲ್ಲ. ತಾರೀಖಿನಾಗ ಏಕಾದಶಿ ಯಾರಿಗೂ ಕಾಣಸಂಗಿಲ್ಲ. ಎರಡೂ ಗುಳಗಿ ನಡೀಲಿಲ್ಲ ಅಂತ ಆತಂದ್ರ ಆಪರೇಷನ್ ಆಗ್ತದ, ಒಮ್ಮೆ ಮುಗದು ಹೋಗ್ತದ. ಇದನ್ನ ಬರದ್ರ ಮತ್ತ ಮೊದಲಿಂದ. ಇನ್ನೊಂದು ವರ್ಷ ಇದನ್ನ ನೋಡೋ ಶಕ್ತಿ ನಿನಗ ಅದ ಏನು?”

“ಇಲ್ರಿ.”

“ಮತ್ತ?”

“ನನ್ನ ತಪ್ಪಿಗೆ ಆಕಿ ತಲಿ ಕೊಯ್ಯೋದು ಬ್ಯಾಡ್ರಿ.”

ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಆಮೇಲೆ ಒಳಗೆ ಬಂದು ಕಪಾಟಿನಿಂದ ಶಾಲೆಯ ಸ್ಕೇಲು ತೆಗೆದು ನನ್ನ ಮುಂದಿಟ್ಟರು. ಮೂರನೆಯ ಸಾಲನ್ನು ಅದರಿಂದಲೇ ಎಳೆದೆ.

ಹನ್ನೆರಡನೆಯ ದಿನ ಡಾಕ್ಟರಬಾಯಿ ಆ ಕಾಗದವನ್ನು ಉಳಿದ ನಾಲ್ವರು ವೈದ್ಯರ ಜೊತೆ ಓದಿದರು. ಮೂರನೆಯ ಸಾಲಿನ ಮೇಲೆ ಅವರ ಬೆರಳು ಕೆಳಗೆ, ಕೆಳಗೆ ಹೋಯಿತು. ಏಕಾದಶಿ ಎಂದರೆ ಏನೆಂದು ಪುಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೆ ಎರಡು ದಿನವೇ ಎಂದು ಕೇಳಿದರು. ಹೌದು, ಎರಡು ದಿನ, ಬೆಳಿಗ್ಗೆ ರಾತ್ರಿ ಎರಡೂ ಎಂದೆ. ಗದರಿಸಿದ್ದರೆ ಹಗುರಾಗುತ್ತಿತ್ತೇನೋ.

“ಆಪರೇಷನ್ ಈಗ ಬೇಡ” ಎಂದರು. “ಗುಳಿಗೆ ಸೋತಿತೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ಒಂದೂ ತಪ್ಪದೆ ಒಂದು ವರ್ಷ ಕೊಟ್ಟು ನೋಡೋಣ. ಉಪವಾಸವೂ ಬೇಡ. ಉಳಿದ ಐವತ್ತನಾಲ್ಕು ಫಿಟ್ಸು ಬೇರೆ ದಿನದವು, ಅದನ್ನೂ ನೆನಪಿಡಿ. ನಿಂತೇ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ.”

ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಆಪರೇಷನ್ ಆಗಲೆಂದೇ ಕಾದಿದ್ದಳು ಎಂದು ನನಗೆ ಆಗ ಗೊತ್ತಾಯಿತು.

ಕಾಕಾ ತಮ್ಮ ಬಳಿಯಿದ್ದ ಬೇರೊಂದು ಡಿಸ್ಕನ್ನು ಅದೇ ಯಂತ್ರಕ್ಕೆ ಕೂರಿಸಿಕೊಟ್ಟರು. ಈಗ ತಿಂಗಳಿಗೊಮ್ಮೆ ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿ, ಆಮೇಲೆ ಎರಡೂ ಚೌಕ ಖಾಲಿ ಬಿಟ್ಟು ತಪಾಸಣೆ ಮಾಡುತ್ತೇನೆ. ಮೊದಲು ನೋಡುವುದು. ಮಡಿಯ ದಿನ ಪ್ಲಗ್ಗು ಕಿತ್ತಿಡುತ್ತೇನೆ. ಡಾಕ್ಟರರ ಚೀಟಿಗಳು ಪಂಚಾಂಗಗಳ ಪಕ್ಕದಲ್ಲಿರುತ್ತವೆ.

ಆಮೇಲೆ ಬಂದ ಮೊದಲ ಏಕಾದಶಿಯಂದು ನಾನು ಉಪವಾಸವಿದ್ದೆ. ಅವಳಿಗೊಬ್ಬಳಿಗೆ ಅನ್ನ, ಸಾರು ಮಾಡಿದೆ. ಈ ಮನೆಯಲ್ಲಿ ಏಕಾದಶಿಗೆ ಅನ್ನದ ಅಕ್ಕಿ ತೊಳೆದದ್ದು ಅದೇ ಮೊದಲು. ಅವಳು ತಾಟಿನ ಮುಂದೆ ಕೂತು ಬಹಳ ಹೊತ್ತು ಕೈ ಹಾಕಲಿಲ್ಲ. ನಾನು ಎದುರಿಗೆ ಕೂತೆ. ಕೊನೆಗೆ ಉಂಡಳು. ಗುಳಿಗೆ ನುಂಗಿ, ನುಂಗಿದೆನೆಂದು ತೋರಿಸಲು ಚಿಕ್ಕವಳ ಹಾಗೆ ಬಾಯಿ ತೆರೆದಳು.

ಅದಾಗಿ ಆರು ದ್ವಾದಶಿ ಕಳೆದಿವೆ. ಐದರಲ್ಲಿ ಏನೂ ಇಲ್ಲ. ಒಂದರಲ್ಲಿ ಬಂತು, ಎರಡು ನಿಮಿಷ. ನವಮಿಯಂದು ಒಂದು, ಅಮಾವಾಸ್ಯೆಯಂದು ಒಂದು. ಮುಂದೇನೆಂದು ನನಗೆ ಗೊತ್ತಿಲ್ಲ. ಸಂಜೆ ದೀಪ ಹಚ್ಚಿ ಬಂದು ಕೂರುತ್ತೇನೆ. ಶ್ರೀ ಬರೆಯುತ್ತೇನೆ. ಅದರ ಕೆಳಗೆ ಈಗ ಇಸವಿಯನ್ನೂ ಬರೆಯುತ್ತೇನೆ. ತಿಥಿ, ವಾರ. ಆಮೇಲೆ ಮೊದಲು ಎಂದೂ ಬರೆಯದಿದ್ದ ಒಂದು ಸಾಲು: ಉಂಡಳು, ಗುಳಿಗೆ ತೆಗೆದುಕೊಂಡಳು, ನಾನು ನೋಡಿದೆ.